ಒಳಪುಟದ ಮುಖ

ಫೋನು ಟಿಂಗ್ ಅಂದಿತು. ಅಂದ ಕೂಡಲೇ ಅವಳ ಕಿವಿ ಪಕ್ಕದ ಕೋಣೆಯ ಕಡೆ ಹೋಯಿತು. ಅಪ್ಪ ಕೆಮ್ಮಲಿ, ಕುರ್ಚಿ ಎಳೆಯಲಿ, ಪೇಪರಿನ ಹಾಳೆ ಮಗುಚಲಿ, ಏನಾದರೂ ಒಂದು ಸದ್ದು ಮಾಡಲಿ ಎಂದು ಕಾದಳು. ಇದೊಂದು ಚಟವಾಗಿಬಿಟ್ಟಿತ್ತು. ಎಲ್ಲೋ ಯಾರೋ ಅವಳ ಆನ್‌ಲೈನ್ ಅಂಗಡಿಯಿಂದ ಶ್ರದ್ಧಾಂಜಲಿ ಕಾರ್ಡಿನ ಫೈಲು ಕೊಂಡರೆ ಫೋನು ಟಿಂಗ್ ಅನ್ನುತ್ತಿತ್ತು. ಅಪ್ಪ ಬದುಕಿದ್ದಾನೆ ಎಂದು ಖಾತ್ರಿಯಾಗುವ ತನಕ ಆ ಮಾರಾಟದ ಸಂತೋಷ ಅವಳ ಗಂಟಲಿನಿಂದ ಕೆಳಗಿಳಿಯುತ್ತಿರಲಿಲ್ಲ. ಕಾರಣ ಇಷ್ಟೇ: ಆ ಕಾರ್ಡಿನ ಮೇಲೆ, ನಿಮ್ಮವರ ಫೋಟೋ ಇಲ್ಲಿ ಬರುತ್ತದೆ ಎಂದು ತೋರಿಸುವ ಜಾಗದಲ್ಲಿ, ಮಾದರಿಗೆಂದು ಅವಳು ಹಾಕಿದ್ದ ಮುಖ ಅಪ್ಪನದು. ಸತ್ತವರ ಜಾಗದಲ್ಲಿ ಅಪ್ಪ ಮುಗುಳ್ನಗುತ್ತಾ ಕೂತಿದ್ದ. ಪಕ್ಕದ ಕೋಣೆಯಲ್ಲಿ ಅದೇ ಅಪ್ಪ ಸಾಕ್ಸಿನ ಜೋಡಿ ಹುಡುಕುತ್ತಿದ್ದ. ಈಗ ಅವನು ಗಂಟಲು ಸರಿಮಾಡಿಕೊಂಡ ಸದ್ದು ಕೇಳಿಸಿತು. ಸರಿ, ಇದ್ದಾನೆ. ಅವಳು ಫೋನು ತಿರುಗಿಸಿ ಎಷ್ಟು ಬಂತೆಂದು ನೋಡಿದಳು. ನೋಡಿದ್ದಕ್ಕೆ ತನ್ನ ಮೇಲೇ ಅಸಹ್ಯವಾಯಿತು; ಆದರೂ ನೋಡಿದಳು.

ಅವಳೇನು ಅಪ್ಪನನ್ನು ಮಾರಲು ಹೊರಟವಳಲ್ಲ. ಪ್ರೆಸ್ಸಿನ ಕೆಲಸ ಹೋದ ಮೇಲೆ, ಜನ ತಮ್ಮ ಕಾರ್ಡನ್ನು ತಾವೇ ಫೋನಿನಲ್ಲಿ ಮಾಡಿಕೊಳ್ಳುತ್ತಾರೆ, ಡಿಸೈನ್ ಮಾಡುವವರಿಗೊಂದು ಮೇಜು ಯಾಕೆ ದಂಡಕ್ಕೆ ಎಂದು ಪ್ರೆಸ್ಸಿನವರು ಅವಳನ್ನು ನಯವಾಗಿ ಕಳಿಸಿದ ಮೇಲೆ, ಅವಳು ಒಂದಿಡೀ ತಿಂಗಳು ಒಬ್ಬ ಮನುಷ್ಯನ ವಿಡಿಯೊಗಳನ್ನು ನೋಡಿದ್ದಳು. ಅವನ ಹಿಂದೆ ಯಾವಾಗಲೂ ಒಂದು ಸೋಫಾ, ಸೋಫಾದ ಮೇಲೆ ಒಂದು ನಾಯಿ. ಒಮ್ಮೆ ಮಾಡಿಟ್ಟ ಫೈಲು ಸಾವಿರ ಸಲ ಮಾರಬಹುದು, ನೀವು ನಿದ್ದೆ ಮಾಡುವಾಗ ನಿಮ್ಮ ಕೆಲಸ ಎಚ್ಚರವಾಗಿರಲಿ ಎನ್ನುತ್ತಿದ್ದ. ನಾಯಿ ಮಾತ್ರ ಹಾಯಾಗಿ ನಿದ್ದೆ ಮಾಡುತ್ತಿತ್ತು. ಅವಳು ಮಕ್ಕಳ ಕೋಣೆಯ ಗೋಡೆಗೆ ಹಾಕಲೆಂದು ಆನೆಮರಿ ಬರೆದಳು, ಹೋಟೆಲಿಗೆ ಮೆನು ಮಾಡಿದಳು, ಮದುವೆಯ ಕರೆಯೋಲೆ, ಹುಟ್ಟುಹಬ್ಬದ ತೋರಣ, ವಾರದ ಕೆಲಸ ಬರೆದಿಡುವ ಪಟ್ಟಿ, ಹೀಗೆ ಕೈಗೆ ಬಂದದ್ದೆಲ್ಲ ಮಾಡಿ ಅಂಗಡಿಯಲ್ಲಿ ಹರಡಿದಳು. ಬೇರೆ ಅಂಗಡಿಯವರಿಗೆ ಹೊಡೆಯಲು ನೊಣವಾದರೂ ಇರುತ್ತದೆ. ಅವಳ ಅಂಗಡಿಯಲ್ಲಿ ಅದೂ ಇರಲಿಲ್ಲ. ಶ್ರದ್ಧಾಂಜಲಿ ಕಾರ್ಡಿಗೂ ಮೊದಲು ಎಲ್ಲಿಂದಲೋ ಕೊಂಡ ಒಂದು ಫೋಟೋ ಹಾಕಿದ್ದಳು, ಬಿಳಿ ಕೂದಲಿನ, ಪೇಸ್ಟಿನ ಜಾಹೀರಾತಿನವನಂತೆ ಹಲ್ಲು ಬಿಟ್ಟ ಮುದುಕ. ಅವನು ಸತ್ತಿದ್ದಾನೆ ಎಂದರೆ ಯಾರೂ ನಂಬುವಂತಿರಲಿಲ್ಲ. ಆಮೇಲೊಂದು ಮಧ್ಯಾಹ್ನ, ಅಪ್ಪ ಕಿಟಕಿಯ ಹತ್ತಿರ ಉಗುರು ಕತ್ತರಿಸಿಕೊಳ್ಳುತ್ತಿದ್ದಾಗ, ಅವನ ಕೆನ್ನೆಯ ಮೇಲೆ ಬಿದ್ದ ಬೆಳಕು ಅವಳ ಕಣ್ಣಿಗೆ ಬಿತ್ತು. ಅಪ್ಪ, ಒಂದು ನಿಮಿಷ ಹಾಗೇ ಇರು ಎಂದಳು. ಇರಮ್ಮ ಎಂದು ಅವನು ಎದ್ದು ಒಳಗೆ ಹೋಗಿ, ತಲೆ ಬಾಚಿಕೊಂಡು, ಇಸ್ತ್ರಿ ಮಾಡಿದ ಶರ್ಟು ಹಾಕಿಕೊಂಡು ಬಂದು ಕೂತ. ಅಷ್ಟರಲ್ಲಿ ಬೆಳಕು ಜರುಗಿದೆಯಲ್ಲ ಎಂದು ಅವಳಿಗೆ ಕಿರಿಕಿರಿಯಾಯಿತು. ಗಲ್ಲ ಎತ್ತು, ಇಷ್ಟು ಬೇಡ, ನನ್ನ ಕಡೆ ನೋಡಬೇಡ ಎಂದು ಅವನನ್ನು ತಿರುಗಿಸಿ ತಿರುಗಿಸಿ ತೆಗೆದಳು. ವಾರ ಕಳೆಯುವುದರೊಳಗೆ ಮೊದಲ ಟಿಂಗ್ ಬಂತು.

ಆ ಮುಖದಲ್ಲಿ ಏನೋ ಇತ್ತು. ಅಪ್ಪ ತನ್ನ ಕೆಲಸದ ವರ್ಷಗಳನ್ನೆಲ್ಲ ಆಸ್ಪತ್ರೆಯ ಲ್ಯಾಬಿನಲ್ಲಿ, ಬಂದವರ ತೋಳಿಗೆ ರಬ್ಬರಿನ ಪಟ್ಟಿ ಕಟ್ಟಿ ರಕ್ತ ತೆಗೆಯುವುದರಲ್ಲಿ ಕಳೆದವನು. ಎದುರಿಗೆ ಕೂತವರು ಸೂಜಿ ನೋಡದೆ ತನ್ನ ಮುಖ ನೋಡಲಿ ಎಂದು ಅವನು ಒಂದು ಮುಖ ರೂಢಿ ಮಾಡಿಕೊಂಡಿದ್ದ. ಹೆದರಬೇಡಿ, ಇರುವೆ ಕಚ್ಚಿದ ಹಾಗೆ, ಅಷ್ಟೇ, ಎನ್ನುವ ಮುಖ. ಚಿಕ್ಕಂದಿನಲ್ಲಿ ಅವಳಿಗೆ ಆ ಮುಖ ಕಂಡರೆ ಆಗುತ್ತಿರಲಿಲ್ಲ. ಅಮ್ಮ ತೀರಿಕೊಂಡ ದಿನ ಶಾಲೆಯ ಗೇಟಿನಲ್ಲಿ ಅಪ್ಪ ಆ ಮುಖ ಹಾಕಿಕೊಂಡು ನಿಂತಿದ್ದ. ಅವನು ಬಾಯಿ ತೆರೆಯುವ ಮೊದಲೇ ಅವಳಿಗೆ ಗೊತ್ತಾಗಿಹೋಗಿತ್ತು. ಈಗ ಅದೇ ಮುಖ ಕಂಡು, ಗುರುತು ಪರಿಚಯ ಇಲ್ಲದ ಜನ, ಯಾವ ಯಾವುದೋ ಭಾಷೆಯಲ್ಲಿ ಅಳುವ ಜನ, ತಮ್ಮ ಅಪ್ಪಂದಿರ ಕಾರ್ಡಿಗೆ ಇದೇ ಸರಿ ಎಂದು ಕೊಳ್ಳುತ್ತಿದ್ದರು. ಮನೆಯ ಬಾಡಿಗೆ, ಅಪ್ಪನ ಬಿ.ಪಿ. ಮಾತ್ರೆ, ಅವನು ಇಷ್ಟಪಡುವ ದುಬಾರಿ ಶೇವಿಂಗ್ ಸೋಪು ಎಲ್ಲ ಅದರಿಂದಲೇ ಬರುತ್ತಿತ್ತು. ಅಪ್ಪನ ಸಾವನ್ನು ಚೂರುಚೂರಾಗಿ ಮಾರಿ ಅಪ್ಪನನ್ನು ಸಾಕುತ್ತಿದ್ದೇನೆ ಎಂದು ಒಮ್ಮೊಮ್ಮೆ ಅನ್ನಿಸಿ, ಅವಳು ತಟ್ಟೆಯ ಮುಂದೆ ಕೂತವಳು ಹಾಗೇ ಎದ್ದುಹೋಗುತ್ತಿದ್ದಳು. ಹಸಿವಿಲ್ಲವೇನೇ ಎಂದು ಅಪ್ಪ ಕೇಳುತ್ತಿದ್ದ. ಇಲ್ಲ ಎನ್ನುತ್ತಿದ್ದಳು. ಆಮೇಲೆ ಅಡುಗೆಮನೆಯಲ್ಲಿ ನಿಂತುಕೊಂಡು ತಿನ್ನುತ್ತಿದ್ದಳು.

ಮಾರಾಟದ ಸೂಚನೆಯ ಕೆಳಗೆ ಒಂದು ಸಂದೇಶವೂ ಇತ್ತು, ಹೋದ ತಿಂಗಳು ಫೈಲು ಕೊಂಡ ಹೆಂಗಸೊಬ್ಬಳದು. ಕಾರ್ಡು ಎಲ್ಲರಿಗೂ ಮೆಚ್ಚಿಗೆಯಾಯಿತು, ಆದರೆ ಒಂದು ಪ್ರಶ್ನೆ, ಒಳಪುಟದಲ್ಲಿ ಅಕ್ಷರಗಳ ಹಿಂದೆ ಮಸುಕಾಗಿ ಒಬ್ಬರು ಕಾಣಿಸುತ್ತಾರೆ, ಅವರು ಯಾರು, ನನ್ನ ತಾಯಿ ಕೇಳುತ್ತಿದ್ದಾರೆ ಎಂದು ಬರೆದಿದ್ದಳು, ಜೊತೆಗೊಂದು ಫೋಟೋ. ಬಿಚ್ಚಿಟ್ಟ ಕಾರ್ಡು, ಯಾರದೋ ಟೇಬಲ್ಲು, ಯಾರದೋ ಮುದಿ ಬೆರಳು, ಆ ಬೆರಳಿನ ಪಕ್ಕದಲ್ಲಿ ಅಪ್ಪ. ಅವಳು ಕಣ್ಣು ಮಿಟುಕಿಸಿ ಮತ್ತೆ ನೋಡಿದಳು. ಫೈಲು ತೆರೆದಳು. ಮುಂದಿನ ಪುಟದ ದೊಡ್ಡ ಫೋಟೋ ಸುಲಭವಾಗಿ ಬದಲಾಯಿಸುವ ಹಾಗಿತ್ತು. ಒಳಪುಟದಲ್ಲಿ ಅದೇ ಫೋಟೋವನ್ನು ದೊಡ್ಡದು ಮಾಡಿ, ತೀರ ತೆಳುವಾಗಿಸಿ, ಸಾಲುಗಳ ಹಿಂದೆ ಇಟ್ಟಿದ್ದಳು; ಕೆಲಸ ಮಾಡುವಾಗ ಅದು ಪದೇಪದೇ ಜರುಗಿ ಕಾಟ ಕೊಡುತ್ತಿದೆ ಎಂದು ಆ ಪದರಕ್ಕೆ ಲಾಕ್ ಹಾಕಿದ್ದಳು. ಲಾಕ್ ತೆಗೆಯಲು ಮರೆತಿದ್ದಳು. ಕೊಂಡವರು ಎಷ್ಟು ಒತ್ತಿದರೂ ಅದು ಮಿಸುಕುವಂತಿರಲಿಲ್ಲ. ಒತ್ತಲು ಅಲ್ಲೇನೋ ಇದೆ ಎಂದೇ ಅವರಿಗೆ ತಿಳಿಯುವಂತಿರಲಿಲ್ಲ, ಯಾಕೆಂದರೆ ಸ್ಕ್ರೀನಿನ ಮೇಲೆ ಅದು ಕಾಗದದ ಕಲೆಯಷ್ಟೇ ತೆಳು. ಆದರೆ ತೆಳು ಬಣ್ಣ ಅಚ್ಚಿನಲ್ಲಿ ಒಂದು ಪಟ್ಟು ಗಾಢವಾಗಿ ಏಳುತ್ತದೆ. ಪ್ರೆಸ್ಸಿನಲ್ಲಿ ಅಷ್ಟು ವರ್ಷ ಸವೆಸಿದವಳಿಗೆ ಇದು ತಿಳಿಯದ್ದೇನಲ್ಲ. ಹಾಗಾದರೆ ಇಷ್ಟು ದಿನ ಅಪ್ಪ ಮಾದರಿಯಾಗಿ ಅಂಗಡಿಯ ಬಾಗಿಲಲ್ಲಿ ನಿಂತದ್ದಷ್ಟೇ ಅಲ್ಲ; ಕೊಂಡವರೆಲ್ಲರ ಮನೆಗೆ ಹೋಗಿದ್ದಾನೆ, ಎಲ್ಲ ಸಾವುಗಳ ಒಳಗೂ ಹೊಕ್ಕಿದ್ದಾನೆ, ಅಪರಿಚಿತರು ಅವನ ಮುಖದ ಮೇಲೆ ಕಣ್ಣೀರು ಒರೆಸಿದ್ದಾರೆ.

ಅವಳು ಉತ್ತರ ಟೈಪ್ ಮಾಡಿದಳು, ಅಳಿಸಿದಳು. ಅವರು ನನ್ನ ತಂದೆ ಎಂದು ಬರೆದರೆ, ತೀರಿಹೋದರೇ ಎಂದು ಕೇಳುತ್ತಾಳೆ. ಇಲ್ಲ ಎಂದರೆ ಏನು ತಿಳಿದುಕೊಳ್ಳುತ್ತಾಳೆ? ಕೊನೆಗೆ, ಅದು ಯಾರೂ ಅಲ್ಲ, ಚಿತ್ರಸಂಗ್ರಹದಿಂದ ಕೊಂಡ ಒಂದು ಫೋಟೋ, ತಪ್ಪಾಗಿ ಉಳಿದಿದೆ, ಕ್ಷಮಿಸಿ, ಎಂದು ಬರೆದು ಕಳಿಸಿಬಿಟ್ಟಳು. ಉತ್ತರ ತಕ್ಷಣ ಬಂತು. 'ಹಾಗಾದರೆ ಸರಿ. ಅವರ ಮನೆಯವರು ಯಾರಾದರೂ ನೋಡಿದರೆ ನೊಂದುಕೊಳ್ಳುತ್ತಾರೇನೋ ಅಂತ ನನಗೆ ಯೋಚನೆಯಾಗಿತ್ತು.'

"ಮರಿ, ಈ ಶರ್ಟು ನಡೆಯುತ್ತಾ ನೋಡು."

ಅಪ್ಪ ಬಾಗಿಲಲ್ಲಿ ನಿಂತಿದ್ದ. ಅವಳು ಲ್ಯಾಪ್‌ಟಾಪಿನ ಮುಚ್ಚಳವನ್ನು ಟಪ್ಪೆಂದು ಮುಚ್ಚಿದಳು, ಕದ್ದು ತಿನ್ನುವಾಗ ಸಿಕ್ಕಿಬಿದ್ದವಳ ಹಾಗೆ. ಅಪ್ಪ ಅದನ್ನು ಗಮನಿಸಿದ, ಗಮನಿಸದವನಂತೆ ಕಾಲರು ಸರಿಮಾಡಿಕೊಂಡ. ಸಾಯಂಕಾಲ ಕ್ಯಾಪ್ಟನ್ನನ ನುಡಿನಮನದ ಸಭೆ ಇತ್ತು. ಕ್ಯಾಪ್ಟನ್ ಹಡಗಿನವನೂ ಅಲ್ಲ, ಸೈನ್ಯದವನೂ ಅಲ್ಲ. ಬೆಳಗಿನ ವಾಕಿಂಗಿನಲ್ಲಿ ಮುಂದೆ ನಡೆಯುತ್ತಾ ಉಳಿದ ಮುದುಕರಿಗೆಲ್ಲ ಬೇಗ ಬನ್ನಿ, ಸಾಲಾಗಿ ಬನ್ನಿ ಎಂದು ಅಪ್ಪಣೆ ಕೊಡುತ್ತಿದ್ದುದರಿಂದ ಬಂದ ಹೆಸರು ಅದು. ಅಪ್ಪನ ಪ್ರಾಣದ ಗೆಳೆಯ. ಹೋದ ವಾರ ಮೆಟ್ಟಿಲ ಮೇಲೆ ಕೂತವನು ಏಳಲಿಲ್ಲ.

"ನಡೆಯುತ್ತೆ ಅಪ್ಪ. ಚೆನ್ನಾಗಿದೆ."

"ನಾಲ್ಕು ಮಾತಾಡಿ ಅಂತ ಅವನ ಸೊಸೆ ಹೇಳಿದಾಳೆ. ಏನು ಮಾತಾಡೋದು ಹೇಳು. ಇದ್ದಾಗ ಅವನು ನನಗೆ ಮಾತಾಡೋಕೆ ಬಿಟ್ಟಿದ್ದರೆ ತಾನೇ ಅಭ್ಯಾಸ ಇರೋದು." ಅವನು ನಕ್ಕ, ಆಮೇಲೆ ನಗು ಎಲ್ಲಿಡಬೇಕೆಂದು ತಿಳಿಯದವನಂತೆ ನಿಂತ. "ಕಾರ್ಡೆಲ್ಲ ಜೋರಾಗಿ ಮಾಡಿಸಿದಾರಂತೆ. ನಿಮ್ಮ ಪ್ರೆಸ್ಸಿನವರ ಹತ್ರಾನೇ."

ಅವನು ಹೋದ ಮೇಲೂ ಆ ಕೊನೆಯ ಮಾತು ಕೋಣೆಯಲ್ಲೇ ಉಳಿಯಿತು. ನಿಮ್ಮ ಪ್ರೆಸ್ಸಿನವರ ಹತ್ರಾನೇ. ಅವಳಿಗೆ ನೆನಪಾಯಿತು. ಫೈಲು ಚೆನ್ನಾಗಿ ಮಾರಲು ಶುರುವಾದಾಗ ಅವಳು ಪ್ರೆಸ್ಸಿಗೆ ಹೋಗಿದ್ದಳು. ಹಳೆಯ ಸಲಿಗೆಯಿಂದ ಎಂದು ತನಗೆ ತಾನೇ ಹೇಳಿಕೊಂಡಿದ್ದಳು, ನಿಜಕ್ಕೂ ಹೋದದ್ದು ಮೇಜು ಕಿತ್ತುಕೊಂಡವರ ಎದುರು ಮೆರೆಯಲಿಕ್ಕೆ. ನೋಡಿ ಸರ್, ಹೊರದೇಶದವರೂ ಕೊಳ್ತಾರೆ, ಇಟ್ಕೊಳ್ಳಿ, ನಿಮಗೆ ಇದು ಪುಕ್ಕಟೆ ಎಂದು ಫೈಲನ್ನು ಅವರ ಕಂಪ್ಯೂಟರಿಗೆ ಹಾಕಿ ಬಂದಿದ್ದಳು. ಅಷ್ಟು ದೊಡ್ಡ ಮನಸ್ಸು ಅವಳಿಗೆ ಜನ್ಮದಲ್ಲಿ ಒಮ್ಮೆ ಬಂದದ್ದು. ಪುಣ್ಯಕ್ಕೆ ಪ್ರೆಸ್ಸಿನವರು ಅಪ್ಪನನ್ನು ಎಂದೂ ಹತ್ತಿರದಿಂದ ನೋಡಿದವರಲ್ಲ. ಈಗ ಅವಳು ಅವರಿಗೆ ಫೋನು ಮಾಡಿದಳು.

"ಸರ್, ಕ್ಯಾಪ್ಟನ್ ಮನೆಯವರ ಕಾರ್ಡು ನೀವೇ ಮಾಡಿದ್ದಾ?"

"ಮತ್ತಿನ್ಯಾರು. ನಿನ್ನ ಡಿಸೈನೇ ಕಣಮ್ಮ. ಸೊಸೆ ನೋಡಿದ ಕೂಡಲೇ ಇದೇ ಬೇಕು ಅಂದ್ಲು."

"ಫೋಟೋ ಬದಲಾಯಿಸಿದ್ರಿ ತಾನೇ?"

"ಏನಮ್ಮ, ಹೀಗೆ ಕೇಳ್ತೀಯ. ಕ್ಯಾಪ್ಟನ್ ಕಾರ್ಡಿಗೆ ಕ್ಯಾಪ್ಟನ್ ಫೋಟೋ ಹಾಕದೆ ನನ್ನದು ಹಾಕ್ತೀನಾ? ಸೊಸೆಗೆ ತೋರಿಸಿದ್ದೇ ಅವರ ಫೋಟೋ ಹಾಕಿ."

"ಒಳಗಡೆ ಪುಟದ್ದು ಸರ್. ಅಕ್ಷರದ ಹಿಂದೆ ಇರೋದು."

"ಅದಾ. ಏನೋ ಮಬ್ಬುಮಬ್ಬಾಗಿತ್ತು. ಮೋಡ ಅಂದ್ಕೊಂಡೆ. ಯಾಕೆ, ಮೋಡ ಅಲ್ವಾ?"

"ಕಾರ್ಡು ನಿಮ್ಮ ಹತ್ರ ಇದೆಯಾ?"

"ನಿನ್ನೇನೇ ಕೊಟ್ಟು ಕಳಿಸಿದೆ."

ಸಭೆ ಇದ್ದದ್ದು ಕ್ಯಾಪ್ಟನ್ ಮನೆಯ ಬೀದಿಯ ಕೊನೆಯ ಸಮುದಾಯ ಭವನದ ಹಾಲಿನಲ್ಲಿ. ಸ್ವಲ್ಪ ಕೆಲಸವಿದೆ, ನೀನು ಆಮೇಲೆ ಟ್ಯಾಕ್ಸಿಯಲ್ಲಿ ಬಾ, ನಡೆದು ಸುಸ್ತಾಗಬೇಡ ಎಂದು ಅಪ್ಪನಿಗೆ ಹೇಳಿ ಅವಳು ಮೊದಲೇ ಹೊರಟಳು. ನಡೆಯುವಾಗ ಹೊಳೆದ ಉಪಾಯಗಳು ಒಂದಕ್ಕಿಂತ ಒಂದು ಹುಚ್ಚಾಗಿದ್ದವು. ಕಾರ್ಡುಗಳ ಮೇಲೆ ನೀರು ಚೆಲ್ಲಿಬಿಡಬಹುದು. ಅಕ್ಷರ ತಪ್ಪಿದೆ ಎಂದು ಸುಳ್ಳು ಹೇಳಿ ಎಲ್ಲ ಹೊತ್ತುಕೊಂಡು ಹೋಗಬಹುದು. ಅಪ್ಪನಿಗೆ ಫೋನು ಮಾಡಿ ನನಗೆ ತಲೆ ಸುತ್ತುತ್ತಿದೆ, ನೀನು ಬರಬೇಡ, ಮನೆಗೆ ಬಂದುಬಿಡುತ್ತೇನೆ ಎನ್ನಬಹುದು. ಅಪ್ಪ ಗೆಳೆಯನನ್ನು ಬಿಟ್ಟು ಮಗಳಿಗಾಗಿ ಮನೆಯಲ್ಲೇ ಕಾಯುತ್ತಾನೆ, ಅದರಲ್ಲಿ ಅನುಮಾನವಿಲ್ಲ. ಆಮೇಲೆ ಸಾಯುವ ತನಕ ಕ್ಯಾಪ್ಟನ್ನನ ಸಭೆಗೆ ಹೋಗಲಿಲ್ಲವಲ್ಲ ಎಂದು ಕೊರಗುತ್ತಾನೆ. ಸಾಯುವ ತನಕ ಎಂಬ ಮಾತು ತಲೆಯೊಳಗೇ ಅವಳಿಗೆ ಮುಳ್ಳಿನಂತೆ ಚುಚ್ಚಿತು. ಎದುರಿಗೆ ಬಂದವರೆಲ್ಲರ ಮುಖ ಚೌಕಟ್ಟಿನಲ್ಲಿ ಹಾಕಿ ನೋಡುವ ಅಭ್ಯಾಸ ಅವಳಿಗೆ ಯಾವಾಗಿನಿಂದ ಬಂತೋ. ಬಸ್ಸಿಗೆ ಕಾದು ನಿಂತ ಒಬ್ಬ ಮುದುಕಿಯನ್ನು ನೋಡಿ, ಒಳ್ಳೆ ಮುಖ, ಮಾರಾಟವಾಗುತ್ತದೆ ಅಂದುಕೊಂಡಳು. ಅಂದುಕೊಂಡದ್ದಕ್ಕೆ ನಾಚಿ ಬೇಗಬೇಗ ಹೆಜ್ಜೆ ಹಾಕಿದಳು.

ಹಾಲಿನಲ್ಲಿ ಕುರ್ಚಿ ಜೋಡಿಸುತ್ತಿದ್ದರು. ಬಾಗಿಲ ಪಕ್ಕದ ಮೇಜಿನ ಮೇಲೆ ಎರಡು ಬುಟ್ಟಿಗಳಲ್ಲಿ ಕಾರ್ಡು. ಮುಂದಿನ ಪುಟದಲ್ಲಿ ಕ್ಯಾಪ್ಟನ್ ಗತ್ತಿನಿಂದ ನೋಡುತ್ತಿದ್ದ. ಅವಳು ಒಂದನ್ನು ಬಿಚ್ಚಿದಳು. ಅಚ್ಚು ಅವಳು ಹೆದರಿದ್ದಕ್ಕಿಂತ ಚೆನ್ನಾಗಿ ಬಂದಿತ್ತು. ಕ್ಯಾಪ್ಟನ್ ಹುಟ್ಟಿದ್ದು, ಓದಿದ್ದು, ನೌಕರಿ ಮಾಡಿದ್ದು ಎಲ್ಲದರ ಹಿಂದೆ ಅಪ್ಪ, ಹಣೆಯ ಮೇಲೊಂದು ಸಾಲು, ಮೂಗಿನ ಮೇಲೊಂದು ಸಾಲು ಹೊತ್ತುಕೊಂಡು, ಹೆದರಬೇಡಿ ಎನ್ನುತ್ತಿದ್ದ. ಅವಳು ಸುತ್ತ ನೋಡಿ ಒಂದು ಹಿಡಿ ಕಾರ್ಡುಗಳನ್ನು ಬ್ಯಾಗಿಗೆ ತುರುಕಿದಳು. ಮತ್ತೊಂದು ಹಿಡಿ. ಬ್ಯಾಗಿನ ಜಿಪ್ಪು ಸಿಕ್ಕಿಕೊಂಡಿತು.

"ಏನು ಮಾಡ್ತಿದೀಯೇ?"

ಕ್ಯಾಪ್ಟನ್ನನ ಸೊಸೆ. ಕೈಯಲ್ಲಿ ಹೂದಾನಿ, ಕಣ್ಣಿನ ಸುತ್ತ ಒಂದು ವಾರದ ನಿದ್ದೆಗೇಡು.

"ಇಲ್ಲ ಅಕ್ಕ, ಸುಮ್ನೆ, ಜೋಡಿಸೋಣ ಅಂತ."

ಸೊಸೆ ಅವಳ ಬ್ಯಾಗನ್ನು ನೋಡಿದಳು. ಬ್ಯಾಗಿನ ಬಾಯಿಂದ ಕ್ಯಾಪ್ಟನ್ನನ ಅರ್ಧ ಮುಖ ಹೊರಗಿಣುಕುತ್ತಿತ್ತು. "ನೆನಪಿಗೆ ಇಟ್ಕೊಳ್ಳೋಕೆ ಒಂದು ಸಾಕಲ್ವಾ," ಎಂದಳು, ಬೈಯುವಷ್ಟು ತ್ರಾಣವೂ ಇಲ್ಲದ ದನಿಯಲ್ಲಿ. "ಮಾವನೋರಿಗೆ ತುಂಬಾ ಜನ ಬರ್ತಾರೆ. ಕಮ್ಮಿ ಬೀಳುತ್ತೆ." ಅವಳು ತನ್ನ ಬ್ಯಾಗಿನಿಂದ ಒಂದೊಂದಾಗಿ ಕಾರ್ಡು ತೆಗೆದು ಬುಟ್ಟಿಗೆ ವಾಪಸು ಇಟ್ಟಳು. ನಿಜ ಹೇಳಲು ಅದೊಂದು ಗಳಿಗೆ ಇತ್ತು. ಅಕ್ಕ, ಒಳಗಡೆ ಅಪ್ಪ ಇದಾರೆ ಎಂದರೆ ಮುಗಿಯುತ್ತಿತ್ತು. ಅದರ ಬದಲು ಕಾರ್ಡುಗಳ ಅಂಚು ಸಮ ಮಾಡುತ್ತಾ ನಿಂತಳು, ಅದೇ ತನ್ನ ಕೆಲಸ ಎಂಬಂತೆ. ಜನ ಬರತೊಡಗಿದರು. ಸೊಸೆ ಅವಳ ಕೈಗೇ ಬುಟ್ಟಿ ಕೊಟ್ಟು ಹಂಚು ಎಂದಳು. ಅವಳು ಹಂಚಿದಳು.

ಅಪ್ಪ ಬಂದಾಗ ಹಾಲು ತುಂಬಿತ್ತು. ಅವನಿಗೆಂದು ಮುಂದಿನ ಸಾಲಿನಲ್ಲಿ ಜಾಗ ಹಿಡಿದಿದ್ದರು. ಅವಳು ಅವನಿಗೆ ಕಾರ್ಡು ಕೊಡದೆ ದಾಟಿಸಿದಳು. ಪಕ್ಕದಲ್ಲಿ ಕೂತ ವಾಕಿಂಗಿನ ಮುದುಕರೊಬ್ಬರು, ಅಯ್ಯೋ ಇವರಿಗೇ ಕೊಡಲಿಲ್ಲವಲ್ಲ ಎಂದು ತಮ್ಮದನ್ನೇ ಕೊಟ್ಟರು. ಗೋಡೆಗೆ ಒರಗಿ ನಿಂತು ಅವಳು ನೋಡಿದಳು. ಅಪ್ಪ ಕ್ಯಾಪ್ಟನ್ನನ ಫೋಟೋವನ್ನು ಹೆಬ್ಬೆರಳಿನಿಂದ ಸವರಿದ. ಕನ್ನಡಕ ಹಾಕಿಕೊಂಡ. ಬಿಚ್ಚಿದ. ಅಷ್ಟರಲ್ಲಿ ಅಲ್ಲಲ್ಲಿ ಗುಸುಗುಸು ಶುರುವಾಗಿತ್ತು. ಜನ ಕಾರ್ಡು ನೋಡುತ್ತಿದ್ದರು, ತಲೆ ಎತ್ತಿ ಅಪ್ಪನ ಬೆನ್ನು ನೋಡುತ್ತಿದ್ದರು, ಮತ್ತೆ ಕಾರ್ಡು ನೋಡುತ್ತಿದ್ದರು. ಅಪ್ಪ ಕಾರ್ಡನ್ನು ಸ್ವಲ್ಪ ದೂರ ಹಿಡಿದ, ಹತ್ತಿರ ಹಿಡಿದ. ಆಮೇಲೆ ಕುರ್ಚಿಯಲ್ಲಿ ಪೂರ್ತಿ ತಿರುಗಿ, ಗೋಡೆಯ ಉದ್ದಕ್ಕೂ ನಿಂತವರಲ್ಲಿ ಅವಳನ್ನು ಹುಡುಕಿದ. ಕಣ್ಣು ಸಿಕ್ಕಿದ ಮೇಲೆ ಕೋಪ ಬರಬಹುದು ಎಂದು ಅವಳು ಕಾದಳು. ಕೋಪ ಬರಲಿಲ್ಲ. ಗುರುತು ಸಿಗದವನಂತೆ ಒಂದು ಕ್ಷಣ ನೋಡಿದ, ಅಷ್ಟೇ. ಅವಳಿಗೆ ಅದಕ್ಕಿಂತ ಹೊಡೆಸಿಕೊಳ್ಳುವುದೇ ವಾಸಿ ಅನ್ನಿಸಿತು.

ಅವನನ್ನು ಮಾತಿಗೆ ಕರೆದರು. ಮೈಕು ಅವನ ಎತ್ತರಕ್ಕೆ ಇರಲಿಲ್ಲ. ಅದನ್ನು ಇಳಿಸುವ ತನಕ ಅವನು ಕಾರ್ಡನ್ನು ಎರಡೂ ಕೈಯಲ್ಲಿ ಹಿಡಿದು ನಿಂತಿದ್ದ.

"ಎಲ್ಲರೂ ಒಳಗಡೆ ಪುಟ ನೋಡಿದೀರಿ," ಎಂದ. "ನೋಡಿ ನನ್ನನ್ನೂ ನೋಡ್ತಿದೀರಿ. ಹೌದು, ನಾನೇ. ಇನ್ನೂ ಇದೀನಿ." ಯಾರೋ ನಕ್ಕು ತಡೆದುಕೊಂಡರು. "ನಮ್ಮ ಕ್ಯಾಪ್ಟನ್ ಯಾವ ಕೆಲಸಕ್ಕೂ ಒಬ್ಬನೇ ಹೋದವನಲ್ಲ. ಹಲ್ಲು ಕೀಳಿಸೋಕೆ ಹೋದ್ರೂ ನಾನು ಹೊರಗಡೆ ಬೆಂಚಲ್ಲಿ ಕೂತಿರಬೇಕು. ಒಳಗಡೆಯಿಂದಾನೇ ಕೂಗೋನು, ಇದೀಯೇನೋ ಅಂತ. ಇದೀನಿ ಕಣೋ ಅಂತ ನಾನು. ನನ್ನ ಮಗಳಿಗೆ ಇದೆಲ್ಲ ಗೊತ್ತು. ಕಾರ್ಡು ಅವಳು ಮಾಡಿದ್ದು. ಮುಂದೆ ಅವನು, ಹಿಂದೆ ಬೆಂಚಲ್ಲಿ ನಾನು." ಅವನ ದನಿ ಇಲ್ಲಿ ಒಡೆಯಿತು. "ಇದೀನಿ ಕಣೋ," ಎಂದ ಮೈಕಿಗೆ, ಮತ್ತು ಇಳಿದು ಬಂದುಬಿಟ್ಟ.

ಅಳದವರು ಇರಲಿಲ್ಲ. ಕ್ಯಾಪ್ಟನ್ನನ ಸೊಸೆ ಬಂದು ಅವಳನ್ನು ತಬ್ಬಿಕೊಂಡು, ಎಷ್ಟು ಯೋಚನೆ ಮಾಡಿ ಮಾಡಿದೀಯೇ, ನಾನು ಏನೋ ಅಂದುಬಿಟ್ಟೆ, ಮನಸ್ಸಲ್ಲಿ ಇಟ್ಕೊಬೇಡ ಎಂದಳು. ಒಬ್ಬರು ಅವಳ ನಂಬರು ಕೇಳಿದರು. ಇನ್ನೊಬ್ಬರು, ನಮ್ಮನೇಲೂ ಹಾಗೇ ಗೆಳೆಯರ ಫೋಟೋ ಹಿಂದೆ ಹಾಕಿ ಮಾಡಿಕೊಡ್ತೀಯಾ, ಈಗಲೇ ಬೇಡ, ಬೇಕಾದಾಗ ಹೇಳ್ತೀವಿ ಎಂದರು. ಅವಳು ಎಲ್ಲಕ್ಕೂ ತಲೆಯಾಡಿಸಿದಳು. ಹೊಗಳಿಕೆ ಒಂದೊಂದೂ ಕೆನ್ನೆಗೆ ಬಿದ್ದಂತಾಗುತ್ತಿತ್ತು. ಪ್ರೆಸ್ಸಿನವರು ದೂರದಿಂದ ಹೆಬ್ಬೆರಳು ಎತ್ತಿ ತೋರಿಸಿದರು.

ಟ್ಯಾಕ್ಸಿಯಲ್ಲಿ ಅಪ್ಪ ಹಾಲಿನ ಫ್ಯಾನಿನ ಬಗ್ಗೆ ಮಾತಾಡಿದ. ಅಷ್ಟು ದೊಡ್ಡ ಹಾಲಿಗೆ ಅಷ್ಟು ಸಣ್ಣ ಫ್ಯಾನು ಯಾರು ಹಾಕಿಸಿದರೋ ಎಂದ. ಕಾರ್ಡು ಅವನ ಜೇಬಿನಲ್ಲಿತ್ತು. ಮಡಿಸದೆ, ನೆಟ್ಟಗೆ ಇಟ್ಟುಕೊಂಡಿದ್ದ. ಮನೆಗೆ ಬಂದು ಶೂ ಬಿಚ್ಚಿ, ನೀರು ಕುಡಿದು, ಕಿಟಕಿಯ ಹತ್ತಿರ ಕೂತ. ಅವಳು ನಿಂತೇ ಎಲ್ಲವನ್ನೂ ಹೇಳಿದಳು. ಬೆಳಕು, ಫೋಟೋ, ಅಂಗಡಿ, ಲಾಕ್ ಹಾಕಿ ಮರೆತ ಪದರ. ಇವತ್ತು ಬಂದ ಸಂದೇಶ ಮಾತ್ರ ಹೇಳುವುದು ಬೇಡ ಅಂದುಕೊಂಡಿದ್ದಳು, ಅದನ್ನೂ ಹೇಳಿಬಿಟ್ಟಳು: ಯಾರೂ ಅಲ್ಲ ಅಂತ ಬರೆದೆ ಅಪ್ಪ, ನಿನ್ನನ್ನ ಯಾರೂ ಅಲ್ಲ ಅಂದೆ. ಅವನು ಕೇಳಿಸಿಕೊಂಡ, ಲ್ಯಾಬಿನಲ್ಲಿ ಹೆದರಿದವರ ಮಾತು ಕೇಳಿಸಿಕೊಳ್ಳುತ್ತಿದ್ದಂತೆ, ತಲೆ ಒಂದು ಕಡೆ ವಾಲಿಸಿ.

"ತುಂಬಾ ಜನ ತಗೊಂಡಿದಾರಾ?"

"ತುಂಬಾ."

"ಮನೆ ಖರ್ಚು, ನನ್ನ ಮಾತ್ರೆ?"

"ಅದರಿಂದಾನೇ. ಬೇರೆ ಯಾವುದೂ ಹೋಗಲ್ಲ ಅಪ್ಪ."

"ಹಾಗಾದ್ರೆ ನಾನೇ ದುಡೀತಿದೀನಿ ಅನ್ನು." ಅವನು ನಕ್ಕ. "ಮಗಳು ದುಡಿಯೋದು, ನಾನು ಸುಮ್ನೆ ಕೂತು ತಿನ್ನೋದು ಅಂತ ನಾಚಿಕೆಯಾಗ್ತಿತ್ತು. ನೋಡಿದ್ರೆ ಸುಮ್ನೆ ಕೂತಿರೋದೇ ನನ್ನ ಕೆಲಸ."

ಆ ನಗುವಿಗೆ ಅವಳ ಎದೆಯ ಕಲ್ಲು ಸ್ವಲ್ಪ ಜರುಗಿತು. ಇಷ್ಟೇ ಏನು, ಇದಕ್ಕೇ ಇಷ್ಟು ಒದ್ದಾಡಿದೆನೇ ಅನ್ನಿಸಿತು. ಅಷ್ಟರಲ್ಲಿ ಫೋನು ಟಿಂಗ್ ಅಂದಿತು. ಏನದು ಎಂದು ಅಪ್ಪ ಕೇಳಿದ. ಯಾರೋ ಕೊಂಡರು ಎಂದಳು. ಅವನ ನಗು ನಿಂತಿತು. "ಪಾಪ," ಎಂದ ಮೆಲ್ಲಗೆ, "ಯಾರಪ್ಪನೋ." ಅವಳಿಗೆ ಇಷ್ಟು ದಿನದಲ್ಲಿ ಒಮ್ಮೆಯೂ ಪಾಪ ಎಂಬ ಮಾತು ಹೊಳೆದಿರಲಿಲ್ಲ. ಅವಳು ಫೋನು ಕೈಗೆತ್ತಿಕೊಂಡು, ಅವನ ಎದುರಿಗೇ ಆ ಕಾರ್ಡಿನ ಮಾರಾಟ ನಿಲ್ಲಿಸುವ ಗುಂಡಿ ಒತ್ತಿದಳು. ಖಂಡಿತವಾ ಎಂದು ಫೋನು ಕೇಳಿತು. ಹೌದು ಎಂದು ಮತ್ತೆ ಒತ್ತಿದಳು. ಬರುವ ತಿಂಗಳ ಬಾಡಿಗೆಯ ಯೋಚನೆ ತಕ್ಷಣವೇ ಬಂದು ನಿಂತಿತು. ಅದನ್ನೂ ಅವಳು ತಳ್ಳಲಿಲ್ಲ.

ಅಪ್ಪ ಜೇಬಿನಿಂದ ಕಾರ್ಡು ತೆಗೆದು ಬಿಚ್ಚಿ ನೋಡುತ್ತಿದ್ದ. "ಚೆನ್ನಾಗಿ ತೆಗೆದಿದೀಯ. ನಾನು ಆವತ್ತು ಕ್ಯಾಪ್ಟನ್‌ಗೆ ಹೇಳಿದ್ದೆ. ಹೇಳಿದ್ದೇನು, ಕೊಚ್ಚಿಕೊಂಡಿದ್ದೆ. ನನ್ನ ಮಗಳು ತಾನಾಗೇ ಬಂದು ನನ್ನ ಫೋಟೋ ತೆಗೆದ್ಲು ಅಂತ. ನಿನ್ನ ಮೂತಿ ಫೋಟೋ ಯಾಕಂತೆ ಅಂದ ಅವನು." ಅವನು ಕಾರ್ಡು ಮುಚ್ಚಿದ. "ಯಾಕೆ ಅಂದ್ರೆ ಏನು, ಇಟ್ಕೊಳ್ಳೋಕೆ ಅಂದೆ."

ಅವಳಿಗೆ ಆ ಮಧ್ಯಾಹ್ನ ಕಂಡಿತು. ಬಾಚಿದ ತಲೆ, ಇಸ್ತ್ರಿಯ ಶರ್ಟು, ಅವನು ಎದ್ದುಹೋದಾಗ ತನಗೆ ಬಂದ ಕಿರಿಕಿರಿ. ಅವಳು ಬೆಳಕು ನೋಡುತ್ತಿದ್ದಾಗ ಅವನು ಮಗಳನ್ನು ನೋಡುತ್ತಿದ್ದ. ನನ್ನ ಕಡೆ ನೋಡಬೇಡ ಎಂದು ಅವಳೇ ಹೇಳಿದ್ದಳು. ಅಳು ಬಂತು, ಆದರೆ ಈಗ ಅತ್ತರೆ ಅವನೇ ಸಮಾಧಾನ ಮಾಡಬೇಕಾಗುತ್ತದೆ, ಆ ಮುಖ ಹಾಕಿಕೊಂಡು. ಅದನ್ನು ಅವಳು ತಾಳಲಾರಳು.

"ಅಪ್ಪ, ಈಗ ಒಂದು ತೆಗೀತೀನಿ," ಎಂದಳು. "ಇಟ್ಕೊಳ್ಳೋಕೆ. ಯಾರಿಗೂ ಅಲ್ಲ, ನಮಗೆ."

ಅವನು ಬೇಡ ಎನ್ನಲಿಲ್ಲ. ಸರಿ ಎಂದು ಕುರ್ಚಿಯನ್ನು ಕಿಟಕಿಯ ಕಡೆ ಸ್ವಲ್ಪ ತಿರುಗಿಸಿಕೊಂಡ. ಕನ್ನಡಕ ತೆಗೆದ, ಕೈಗಳನ್ನು ಮೊಣಕಾಲ ಮೇಲೆ ಇಟ್ಟ, ಗಲ್ಲ ಎತ್ತಿದ, ಇಳಿಸಿದ. ಅವಳು ಫೋನು ಹಿಡಿದು ಕಾದಳು. ಯಾವುದೂ ಸರಿಹೋಗದೆ ಅವನು ಅವಳ ಕಡೆ ತಿರುಗಿದ.

"ಹೇಗೆ ಕೂರಲಿ ಮರಿ," ಎಂದು ಕೇಳಿದ, "ಇರೋರ ಥರಾನಾ, ಹೋದೋರ ಥರಾನಾ?"

ಮಾತಿನಲ್ಲಿ ಕೊಂಕಿರಲಿಲ್ಲ. ರಕ್ತ ಯಾವ ಕೈಯಿಂದ ತೆಗೆಯಲಿ ಎಂದು ಕೇಳುತ್ತಿದ್ದಷ್ಟೇ ಸಹಜವಾಗಿ ಕೇಳಿದ್ದ. ಅವಳು ಉತ್ತರ ಹೇಳುವ ತನಕ ಅವನು ಮುಖವನ್ನು ಖಾಲಿ ಇಟ್ಟುಕೊಂಡು ಕೂತಿದ್ದ.